ನಾಳೆ ಬೆಳಗ್ಗೆ ಓಡಲೇಬೇಕಾದ ಹಳೇ ಸೈಕಲ್: ರಿಪೇರಿ ಎಲ್ಲಿಂದ ಶುರು ಮಾಡಬೇಕು?

ಚೈನು ಕಟಕಟ ಅನ್ನುತ್ತಿದೆ ಅಂತ ನೋಡಲು ಕೂತರೆ ಫ್ರೀವೀಲಿನ (ಹಿಂದಿನ ಚಕ್ರದ ಹಲ್ಲುಚಕ್ರದ) ಹಲ್ಲು ಸವೆದಿರುವುದು ಕಾಣುತ್ತದೆ. ಅದನ್ನು ಬದಲಿಸೋಣ ಅಂದರೆ ಹಿಂದಿನ ಚಕ್ರದ ನಟ್ಟು ತುಕ್ಕು ಹಿಡಿದು ಅಲ್ಲಾಡುವುದಿಲ್ಲ. ಹೇಗೋ ಚಕ್ರ ಕಳಚಿದರೆ ಆಕ್ಸಲ್ ಬೆಂಡು. ಅಷ್ಟು ಹೊತ್ತಿಗೆ ರಾತ್ರಿ ಹತ್ತು ಗಂಟೆ. ಬೆಳಗ್ಗೆ ಎದ್ದು ಇದೇ ಸೈಕಲ್ ಹತ್ತಿ ಕೆಲಸಕ್ಕೆ ಹೋಗಬೇಕು.

ದಿನಾ ಹಳೇ ಸೈಕಲ್ ತುಳಿಯುವವರಿಗೆ ಈ ಸಂಕಟ ಗೊತ್ತಿರುತ್ತದೆ. ಭಾನುವಾರ ಮಾತ್ರ ಓಡಿಸುವವರು ಸೈಕಲ್ ಬಿಚ್ಚಿ ಹದಿನೈದು ದಿನ ಹಾಗೇ ಇಡಬಹುದು. ನಮಗೆ ಹಾಗಾಗುವುದಿಲ್ಲ. ಹಾಗಾಗಿ ದಿನಬಳಕೆಯ ಸೈಕಲ್ಲಿಗೆ ರಿಪೇರಿ ಕಲಿಯುವುದಕ್ಕಿಂತ ಮೊದಲು ಕಲಿಯಬೇಕಾದದ್ದು ರಿಪೇರಿಯ ಕ್ರಮ. ಯಾವುದು ಇವತ್ತೇ ಆಗಬೇಕು, ಯಾವುದನ್ನು ರಜೆ ದಿನಕ್ಕೆ ಇಡಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಅನ್ನುವುದು ತಿಳಿದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಎರಡು ಕಟ್ಟುಪಾಡು ಮೊದಲೇ ಹೇಳಿಬಿಡುತ್ತೇನೆ. ಬದಲಿ ಸಾಮಾನು ಕೈಯಲ್ಲಿ ಇಲ್ಲದೆ ಏನನ್ನೂ ಬಿಚ್ಚಬೇಡಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ಮುಗಿದ ಮೇಲೆ ಒಂದು ಸುತ್ತು ಓಡಿಸಿ ನೋಡಿ. ಒಟ್ಟೊಟ್ಟಿಗೆ ಮೂರು ಕಡೆ ಕೈ ಹಾಕಿದರೆ ಹೊಸ ಸದ್ದು ಎಲ್ಲಿಂದ ಬಂತು ಅಂತ ಪತ್ತೆ ಮಾಡುವುದೇ ಕಷ್ಟ.

ಬಿಚ್ಚುವ ಮೊದಲು ನೋಡಿ

ಒಣ ಬಟ್ಟೆಯಲ್ಲಿ ಇಡೀ ಸೈಕಲ್ ಒರೆಸಿ. ಒರೆಸುವುದು ಅಂದಕ್ಕಲ್ಲ. ಕೈ ಓಡಾಡಿದ ಕಡೆಯೆಲ್ಲ ಕಣ್ಣೂ ಓಡಾಡುತ್ತದೆ. ಹ್ಯಾಂಡಲ್ ಕೆಳಗೆ ಎರಡು ಪೈಪು ಸೇರುವ ಜಾಗ, ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ತಲೆ, ಪೆಡಲ್ ಆಕ್ಸಲ್ (ಎರಡೂ ಕ್ರ್ಯಾಂಕ್ ಸೇರುವ ನಡುವಿನ ಅಡ್ಡ ಸರಳು) ಹಾಯುವ ಗೂಡಿನ ಸುತ್ತ, ಇಷ್ಟನ್ನು ಬೆಳಕಿನಲ್ಲಿ ನಿಧಾನಕ್ಕೆ ನೋಡಿ. ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಇದ್ದು, ಆ ಗೆರೆಯೊಳಗಿಂದ ತುಕ್ಕು ಇಣುಕುತ್ತಿದ್ದರೆ ಅದು ಬರೀ ಬಣ್ಣ ಬಿರಿದದ್ದಲ್ಲದೇ ಇರಬಹುದು. ಅಂಥ ಸೈಕಲ್ ಓಡಿಸಬೇಡಿ, ತಿಳಿದವರಿಗೆ ತೋರಿಸಿ. ಸ್ಟೀಲ್ ಫ್ರೇಮಿಗೆ ಒಳ್ಳೆ ಕೈಯಲ್ಲಿ ಬೆಸುಗೆ ಹಾಕಿಸಬಹುದು. ಬಿರುಕು ಫೋರ್ಕಿನಲ್ಲಿದ್ದರೆ ಬದಲಿಸುವುದೇ ಸರಿ.

ಆಮೇಲೆ ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಅಲ್ಲಿನ ಬೇರಿಂಗ್ ಸಡಿಲ. ಚಕ್ರವನ್ನು ಮೇಲ್ತುದಿಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆಡಿದರೆ ಚಕ್ರದ ನಡುವಿನ ಹಬ್ಬಿನ ಕೋನ್ (ಬೇರಿಂಗ್ ಗುಂಡುಗಳನ್ನು ಒತ್ತಿ ಹಿಡಿಯುವ ನಟ್ಟು) ಬಿಗಿ ಮಾಡಬೇಕು. ಎರಡೂ ಕ್ರ್ಯಾಂಕ್ (ಪೆಡಲ್ ಕೂತಿರುವ ತೋಳು) ಹಿಡಿದು ಅಡ್ಡ ಅಲ್ಲಾಡಿಸಿ, ಅಲ್ಲೂ ಆಡುತ್ತಿದೆಯಾ ನೋಡಿ. ಕೊನೆಗೆ ಚಕ್ರ ತಿರುಗಿಸಿ, ರಿಮ್ಮಿಗೂ ಬ್ರೇಕ್ ಕಟ್ಟೆಗೂ (ರಿಮ್ಮಿಗೆ ಒತ್ತುವ ರಬ್ಬರ್ ತುಂಡು) ನಡುವಿನ ಸಂದು ನೋಡಿ. ಸಂದು ದೊಡ್ಡದು ಚಿಕ್ಕದು ಆಗುತ್ತಿದ್ದರೆ ರಿಮ್ ಬೆಂಡು. ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡಿ. ನೋಡುವ ಕೆಲಸ ಇಷ್ಟೇ.

ಸದ್ದು ಎಲ್ಲಿಂದ ಅಂತ ಪತ್ತೆ ಮಾಡುವುದು

ಹಳೇ ಸೈಕಲ್ ಮಾತಾಡುತ್ತಲೇ ಇರುತ್ತದೆ. ಯಾವ ಭಾಗ ಅಂತ ಊಹೆ ಮಾಡುವುದರ ಬದಲು ಸದ್ದು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಗಮನಿಸಿ.

ಪೆಡಲ್ ಒಂದು ಸುತ್ತಿಗೆ ಒಂದೇ ಸಲ, ಒಂದೇ ಕಾಲು ಕೆಳಗೆ ಹೋಗುವಾಗ ಬಂದರೆ ದೋಷ ಪೆಡಲ್, ಕ್ರ್ಯಾಂಕ್ ಅಥವಾ ಪೆಡಲ್ ಆಕ್ಸಲ್ಲಿನ ಬೇರಿಂಗಿನಲ್ಲಿದೆ. ತುಳಿಯುವುದು ನಿಲ್ಲಿಸಿದರೂ ಚಕ್ರ ಸುತ್ತಿದ ಹಾಗೆಲ್ಲ ಬರುತ್ತಿದ್ದರೆ ಟಯರು, ಬ್ರೇಕು, ಕಡ್ಡಿ ಅಥವಾ ಮಡ್‌ಗಾರ್ಡ್. ಎರಡು ಮೂರು ಪೆಡಲ್ ಸುತ್ತಿಗೊಮ್ಮೆ ಬಂದರೆ ಬಹುಮಟ್ಟಿಗೆ ಚೈನಿನಲ್ಲಿ ಒಂದು ಕೊಂಡಿ ಗಟ್ಟಿಯಾಗಿದೆ. ಕಾರಣ ಸುಲಭ. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲಿದ್ದು, ಚೈನಿನಲ್ಲಿ 110 ಕೊಂಡಿ ಇದ್ದರೆ ಚೈನು ಪೂರ್ತಿ ಒಂದು ಸುತ್ತು ಬರಲು ಪೆಡಲ್ ಎರಡೂವರೆ ಸುತ್ತು ತಿರುಗಬೇಕು. ಪೆಡಲನ್ನು ಹಿಂದಕ್ಕೆ ನಿಧಾನ ತಿರುಗಿಸಿದರೆ ಆ ಕೊಂಡಿ ಫ್ರೀವೀಲಿನಿಂದ ಹೊರಬರುವಾಗ ಮಡಚಿಕೊಂಡೇ ಬರುವುದು ಕಾಣುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಬಿಟ್ಟು, ಕೈಯಿಂದ ಎರಡೂ ಪಕ್ಕಕ್ಕೆ ಸ್ವಲ್ಪ ಬಗ್ಗಿಸಿದರೆ ಸಡಿಲವಾಗುತ್ತದೆ.

ಎದ್ದು ನಿಂತು ತುಳಿದಾಗ ಸದ್ದು ನಿಂತುಹೋದರೆ ಪೆಡಲ್ ಕಡೆ ಹುಡುಕುವುದೇ ಬೇಡ. ಅದು ಸೀಟಿನ ಸದ್ದು.

ಇವತ್ತೇ ಆಗಬೇಕಾದ್ದು: ಬ್ರೇಕು

ಬೇರೆ ಏನನ್ನು ಮುಂದೂಡಿದರೂ ಬ್ರೇಕನ್ನು ಮುಂದೂಡಬೇಡಿ. ಸೈಕಲ್ ನಿಲ್ಲಿಸುವ ಶಕ್ತಿ ಜಾಸ್ತಿ ಇರುವುದು ಮುಂದಿನ ಬ್ರೇಕಿಗೆ. ಆದರೆ ಹಳೇ ಸೈಕಲ್ಲುಗಳಲ್ಲಿ ಹೆಚ್ಚಾಗಿ ಕೆಟ್ಟು ಕೂತಿರುವುದೂ ಅದೇ. ಹಿಂದಿನದು ಹಿಡಿಯುತ್ತಲ್ಲ ಅಂತ ಜನ ವರ್ಷಗಟ್ಟಲೆ ಹಾಗೇ ಓಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕೇಬಲ್ ಬ್ರೇಕಾದರೆ ಹಿಡಿಕೆ ಒತ್ತಿ, ಒಳಗೆ ಕೇಬಲಿನ ಗುಂಡಿ ಕೂರುವ ಜಾಗಕ್ಕೆ ಟಾರ್ಚ್ ಬಿಡಿ. ಎಳೆ ಬಿಚ್ಚಿಕೊಳ್ಳುವುದು ಅಲ್ಲೇ. ಒಂದೇ ಒಂದು ಎಳೆ ತುಂಡಾಗಿದ್ದರೂ ಕೇಬಲ್ ಬದಲಿಸಿ. ಹಿಡಿಕೆ ಒತ್ತಿದ ಮೇಲೆ ನಿಧಾನಕ್ಕೆ ವಾಪಸ್ ಬರುತ್ತಿದ್ದರೆ ಹೊರಗಿನ ಕವಚದ ಒಳಗೆ ತುಕ್ಕು ಕೂತಿದೆ ಅಂತ. ಎಣ್ಣೆ ಬಿಟ್ಟರೆ ನಾಲ್ಕು ದಿನ ಸರಿಯಾಗುತ್ತದೆ, ಮತ್ತೆ ಅದೇ ಹಾಡು. ಒಳಗಿನ ಕೇಬಲ್, ಹೊರಗಿನ ಕವಚ ಎರಡನ್ನೂ ಒಟ್ಟಿಗೆ ಬದಲಿಸಿದರೆ ಹಿಡಿಕೆ ಹೊಸದರ ಹಾಗೆ ಆಡುತ್ತದೆ.

ಬ್ರೇಕ್ ಕಟ್ಟೆ ಕಿರುಚುತ್ತಿದ್ದರೆ, ಕಟ್ಟೆಯ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗುವಂತೆ ಕೂರಿಸಿ. ಹಿಂದಿನ ತುದಿಯಲ್ಲಿ 1 ಮಿಲಿಮೀಟರ್ ಸಂದು ಉಳಿದರೆ ಸಾಕು. ಕಟ್ಟೆ ಮೇಲಕ್ಕೆ ಜರುಗಿ ಟಯರಿಗೆ ಉಜ್ಜುತ್ತಿದೆಯಾ ಅಂತಲೂ ನೋಡಿ. ಉಜ್ಜಿದರೆ ಟಯರಿನ ಗೋಡೆ ಕೆಲವೇ ದಿನದಲ್ಲಿ ಹರಿದುಹೋಗುತ್ತದೆ. ವರ್ಷಾನುಗಟ್ಟಲೆ ಹಳೆಯದಾದ ರಬ್ಬರ್ ಗಾಜಿನ ಹಾಗೆ ನುಣುಪಾಗಿ ಗಟ್ಟಿಯಾಗಿರುತ್ತದೆ. ಸ್ಯಾಂಡ್ ಪೇಪರಿನಿಂದ ಉಜ್ಜಿದರೆ ತಾತ್ಕಾಲಿಕವಾಗಿ ಹಿಡಿಯುತ್ತದೆ. ಹೊಸ ಕಟ್ಟೆ ಹಾಕುವುದೇ ಒಳ್ಳೆಯದು.

ಕೇಬಲ್ ಬದಲು ಕಬ್ಬಿಣದ ಸಲಾಕೆಗಳಿಂದ ಎಳೆಯುವ ಸಲಾಕೆ ಬ್ರೇಕಿನ ಹಳೇ ಸೈಕಲ್ಲುಗಳಲ್ಲಿ ಕಟ್ಟೆ ರಿಮ್ಮಿನ ಪಕ್ಕಕ್ಕೆ ಒತ್ತುವುದಿಲ್ಲ, ಒಳಮೈಗೆ, ಅಂದರೆ ಕಡ್ಡಿ ಇರುವ ಕಡೆಗೆ ಒತ್ತುತ್ತದೆ. ಹಾಗಾಗಿ ರಿಮ್ ಸ್ವಲ್ಪ ಅಡ್ಡ ಬೆಂಡಾದರೂ ಅದು ಕೆಲಸ ಮಾಡುತ್ತದೆ. ಅದರ ತೊಂದರೆ ಬೇರೆ. ಸಲಾಕೆಗಳು ಸೇರುವ ಕೀಲು ಒಂದೊಂದೂ ಚೂರು ಚೂರು ಸವೆದು, ಹಿಡಿಕೆಯ ಅರ್ಧ ಎಳೆತ ಆ ಸಡಿಲದಲ್ಲೇ ಕರಗಿಹೋಗುತ್ತದೆ. ಕೀಲಿಗೆಲ್ಲ ಎಣ್ಣೆ ಬಿಟ್ಟು, ಸಲಾಕೆಯನ್ನು ಹಿಡಿಯುವ ನಟ್ಟು ಸಡಿಲಿಸಿ, ಕಟ್ಟೆ ರಿಮ್ಮಿಗೆ ಹತ್ತಿರ ಬರುವಂತೆ ಎಳೆದು ಮತ್ತೆ ಬಿಗಿ ಮಾಡಿ.

ಇನ್ನೊಂದು ಮಾತು. ಹೊಳೆಯುವ ಸ್ಟೀಲ್ ರಿಮ್ ಮಳೆಯಲ್ಲಿ ಒದ್ದೆಯಾದರೆ ಬ್ರೇಕು ಹಿಡಿಯುವುದು ತೀರಾ ಕಡಿಮೆಯಾಗುತ್ತದೆ. ಯಾವ ಕಟ್ಟೆ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಮಳೆಯಲ್ಲಿ ನಿಲ್ಲಿಸಬೇಕಾದ ಜಾಗಕ್ಕಿಂತ ಬಹಳ ಮುಂಚೆಯೇ ಮೆಲ್ಲಗೆ ಒತ್ತಿ, ರಿಮ್ಮಿನ ನೀರು ಒರೆಸಿಕೊಳ್ಳಿ. ಮುಂದೊಂದು ದಿನ ರಿಮ್ ಬದಲಿಸುವ ಸಂದರ್ಭ ಬಂದರೆ ಅಲ್ಯುಮಿನಿಯಂ ರಿಮ್ ಹಾಕಿಸಿ. ಹಳೇ ಸೈಕಲ್ಲಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಅದು. ಸಲಾಕೆ ಬ್ರೇಕಿಗೆ ಮಾತ್ರ ಅದಕ್ಕೆಂದೇ ಮಾಡಿದ ರಿಮ್ ಬೇಕು.

ಗಾಳಿ, ಟ್ಯೂಬು, ಟಯರು

ರಾತ್ರಿ ಗಾಳಿ ತುಂಬಿಸಿಟ್ಟರೆ ಬೆಳಗ್ಗೆ ಅರ್ಧ ಇಳಿದಿರುತ್ತದೆ, ನೀರಿನಲ್ಲಿ ಮುಳುಗಿಸಿದರೆ ಟ್ಯೂಬಿನಲ್ಲಿ ಎಲ್ಲೂ ಗುಳ್ಳೆ ಬರುವುದಿಲ್ಲ. ಇಂಥ ಕಡೆ ಮೊದಲು ವಾಲ್ವ್ ಬಿಚ್ಚಿ ನೋಡಿ. ಹಳೇ ಮಾದರಿಯ ವಾಲ್ವಿನ ಪಿನ್ನಿಗೆ ಒಂದು ಸಣ್ಣ ರಬ್ಬರ್ ನಳಿಕೆ ತೊಡಿಸಿರುತ್ತಾರೆ, ವಾಲ್ ಟ್ಯೂಬ್. ಗಾಳಿ ಒಳಗೆ ಹೋಗುವಾಗ ಅದು ಹಿಗ್ಗಿ ದಾರಿ ಬಿಡುತ್ತದೆ, ಆಮೇಲೆ ಪಿನ್ನಿನ ತೂತನ್ನು ಅಪ್ಪಿ ಮುಚ್ಚುತ್ತದೆ. ರಬ್ಬರ್ ಹಳತಾದರೆ ಬುಡದಲ್ಲಿ ಸೀಳುತ್ತದೆ ಅಥವಾ ಪಿನ್ನಿಗೇ ಅಂಟಿಕೊಂಡು ಕಲ್ಲಾಗುತ್ತದೆ. ಹೊಸದನ್ನು ಎಂಜಲು ಹಚ್ಚಿ ಒದ್ದೆ ಮಾಡಿ ತೊಡಿಸಿ, ಪಿನ್ನಿನ ತೂತಿನಿಂದ ಕೆಳಗೆ ಚೆನ್ನಾಗಿ ಇಳಿಯಬೇಕು. ಎರಡು ನಿಮಿಷದ ಕೆಲಸ. ಇಷ್ಟಕ್ಕೇ ಎಷ್ಟೋ ಜನ ಸುಮ್ನೆ ಹೊಸ ಟ್ಯೂಬ್ ಹಾಕಿಸುತ್ತಾರೆ.

ಪಂಕ್ಚರ್ ಆದರೆ ತೂತು ಎಲ್ಲಿದೆ ಅನ್ನುವುದರಲ್ಲೇ ಕಾರಣ ಇರುತ್ತದೆ. ಟ್ಯೂಬಿನ ಹೊರಮೈಯಲ್ಲಿದ್ದರೆ ಮುಳ್ಳು, ಗಾಜು. ಅದು ಟಯರಿನಲ್ಲಿ ಇನ್ನೂ ಕೂತಿರಬಹುದು, ಒಳಗಡೆ ಬೆರಳಿನಿಂದ ಹುಷಾರಾಗಿ ಸವರಿ ತೆಗೆಯಿರಿ. ರಿಮ್ ಕಡೆಯ ಮೈಯಲ್ಲಿದ್ದರೆ ರಿಮ್ ಪಟ್ಟಿ ಜರುಗಿ ಕಡ್ಡಿಯ ತುದಿ ಚುಚ್ಚಿದೆ. ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಡಿಮೆ ಇದ್ದಾಗ ಹೊಂಡಕ್ಕೆ ಬಿದ್ದು ಟ್ಯೂಬ್ ಜಜ್ಜಿದೆ. ಪ್ಯಾಚ್ ಹಾಕುವಾಗ ಸೊಲ್ಯೂಷನ್ ಹಚ್ಚಿ ತಕ್ಷಣ ಅಂಟಿಸಬೇಡಿ. ಐದು ನಿಮಿಷ ಬಿಟ್ಟು, ಹೊಳಪು ಹೋದ ಮೇಲೆ ಅಂಟಿಸಿ ಒತ್ತಿ.

ಟಯರ್ ಕೊಳ್ಳುವಾಗ ಹೆಸರಿನ ಅಳತೆ ನಂಬಬೇಡಿ. 26 ಇಂಚು ಅಂತ ಕರೆಯುವ ಟಯರಿನಲ್ಲೇ ಹಲವು ಬಗೆ ಇವೆ. 26 × 1 3/8 ಅಂತ ಬರೆದಿರುವುದು ಸಾಮಾನ್ಯವಾಗಿ 590 ಮಿಲಿಮೀಟರ್ ವ್ಯಾಸದ ರಿಮ್ಮಿಗೆ. ಗುಡ್ಡ ಹತ್ತುವ ಸೈಕಲ್ಲುಗಳ 26 ಇಂಚಿನ ದಪ್ಪ ಟಯರ್ 559 ಮಿಲಿಮೀಟರಿನ ರಿಮ್ಮಿಗೆ. ಒಂದರದ್ದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಹಾಗೇ 28 × 1 1/2 ಅಂದರೆ 635, 700ಸಿ ಅಂದರೆ 622. ಟಯರಿನ ಗೋಡೆ ಮೇಲೆ 37-590 ಎಂಬಂಥ ಜೋಡಿ ಸಂಖ್ಯೆ ಇರುತ್ತದೆ. ಮೊದಲಿನದು ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಹಳೇ ಟಯರ್ ಬಿಸಾಡುವ ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಚೈನು, ಮತ್ತು ಅದರ ಹಿಂದೆ ಬರುವ ಖರ್ಚು

ಚೈನು ಒಂದೇ ಸವೆಯುವುದಿಲ್ಲ. ತಾನು ಸವೆದ ಹಾಗೆ ಹಲ್ಲುಗಳನ್ನೂ ಸವೆಸುತ್ತದೆ. ಅದಕ್ಕೇ ಚೈನನ್ನು ಸರಿಯಾದ ಹೊತ್ತಿಗೆ ಬದಲಿಸಿದರೆ ಒಂದು ಸಾಮಾನಿನ ಖರ್ಚು. ತಡ ಮಾಡಿದರೆ ಮೂರರದ್ದು.

ಅಳೆಯುವುದು ಸುಲಭ. ಸೈಕಲ್ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಆದ್ದರಿಂದ 24 ಕೊಂಡಿಗೆ ಸರಿಯಾಗಿ 12 ಇಂಚು ಆಗಬೇಕು. ಪೆಡಲ್ ಒತ್ತಿ ಚೈನು ಬಿಗಿ ಹಿಡಿದು, ಸ್ಟೀಲ್ ಅಳತೆಪಟ್ಟಿಯ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಡಿ. 24ನೇ ಪಿನ್ 12 ಇಂಚಿನ ಗೆರೆಯನ್ನು ಇಂಚಿನ 1/16 ಭಾಗ ದಾಟಿದ್ದರೆ ಚೈನು ಬದಲಿಸುವ ಹೊತ್ತು ಬಂತು. 1/8 ಭಾಗ ದಾಟಿದ್ದರೆ ಹಲ್ಲುಗಳೂ ಸವೆದಿರುವುದು ಬಹುತೇಕ ಖಚಿತ. ಆಗ ಬರೀ ಹೊಸ ಚೈನು ಹಾಕಿದರೆ ಜೋರಾಗಿ ತುಳಿದಾಗ ಅದು ಸವೆದ ಹಲ್ಲಿನ ಮೇಲೆ ಹತ್ತಿ ಜಾರುತ್ತದೆ. ಸಿಗ್ನಲ್ ಬಿಟ್ಟ ಕೂಡಲೇ ಕಾಲು ದಢಕ್ಕನೆ ಕೆಳಗೆ ಹೋಗುವುದು ಇದರಿಂದಲೇ.

ಗೇರ್ ಇಲ್ಲದ ಸೈಕಲ್ಲಿನ ದಪ್ಪ ಚೈನನ್ನು 1/8 ಭಾಗ ದಾಟುವವರೆಗೂ ಓಡಿಸಬಹುದು. ಮುಂದಿನ ಹಲ್ಲು, ಫ್ರೀವೀಲ್, ಚೈನು ಮೂರೂ ಒಟ್ಟಿಗೇ ಸವೆದು ಹೊಂದಿಕೊಂಡಿದ್ದರೆ, ಜಾರದೇ ಇರುವಷ್ಟು ದಿನ ಹಾಗೇ ಓಡಿಸಿ, ಕೊನೆಗೆ ಮೂರನ್ನೂ ಒಟ್ಟಿಗೆ ಬದಲಿಸುವುದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಒಂದನ್ನು ಬದಲಿಸಿ ಎರಡನ್ನು ಉಳಿಸುವ ಆಸೆ ಬೇಡ.

ಚೈನು ಸೇರಿಸುವ ಕೊಂಡಿಗೆ ಕ್ಲಿಪ್ ಇದ್ದರೆ, ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುಗುಮುರುಗಾದರೆ ಏನಾದರೂ ತಾಗಿ ಕ್ಲಿಪ್ ಹಾರಿಹೋಗುತ್ತದೆ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಚೈನಿನ ನಡುಭಾಗ ಮೇಲೆ ಕೆಳಗೆ ಅರ್ಧ ಇಂಚಿನಷ್ಟು ಆಡಬೇಕು. ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗೆ ಇರುವುದು ಅಪರೂಪ. ಅದಕ್ಕೆ ಪೆಡಲ್ ಒಂದು ಸುತ್ತು ತಿರುಗಿಸಿ, ಚೈನು ಅತಿ ಬಿಗಿಯಾಗುವ ಜಾಗದಲ್ಲಿ ಅಳೆಯಿರಿ.

ಎಣ್ಣೆ ಹಾಕುವಾಗ ಹೊರಗೆ ಸುರಿಯುವುದರಿಂದ ಪ್ರಯೋಜನ ಇಲ್ಲ. ಎಣ್ಣೆ ಬೇಕಿರುವುದು ಕೊಂಡಿಯ ನಡುವಿನ ಉರುಳೆಯ ಒಳಗೆ. ಒಂದೊಂದು ಉರುಳೆಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಮೈಯನ್ನು ಒಣಗುವಂತೆ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಧೂಳನ್ನು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಅಡುಗೆ ಎಣ್ಣೆ ಬೇಡ, ಅದು ಬರಬರುತ್ತಾ ಅಂಟಾಗುತ್ತದೆ. ಫ್ರೀವೀಲ್ ಒಳಗೆ ತೆಳು ಎಣ್ಣೆ ಮಾತ್ರ ಬಿಡಿ. ಗ್ರೀಸ್ ತುಂಬಿದರೆ ಒಳಗಿನ ಪುಟ್ಟ ಕೊಕ್ಕೆಗಳು ಅಂಟಿಕೊಂಡು, ಪೆಡಲ್ ತುಳಿದರೂ ಚಕ್ರ ತಿರುಗದೆ ಹೋಗಬಹುದು.

ಕಾಟರ್ ಪಿನ್

ಹಳೇ ಸ್ಟೀಲ್ ಸೈಕಲ್ ಇಟ್ಟುಕೊಂಡವರಿಗೆ ಇದರಷ್ಟು ಕಿರಿಕಿರಿ ಕೊಡುವ ಸಾಮಾನು ಇನ್ನೊಂದಿಲ್ಲ. ಕ್ರ್ಯಾಂಕನ್ನು ಆಕ್ಸಲಿಗೆ ಹಿಡಿದಿಡುವ ಸಣ್ಣ ಓರೆ ಪಿನ್ ಇದು. ಸಡಿಲವಾದರೆ ಪ್ರತಿ ಸುತ್ತಿಗೂ ಪೆಡಲ್ ಲಟಕ್ ಅನ್ನುತ್ತದೆ. ಹಾಗೇ ಓಡಿಸಿದರೆ ಪಿನ್ ತಿಂದು, ಆಮೇಲೆ ಆಕ್ಸಲ್ಲಿನ ಚಪ್ಪಟೆ ಭಾಗವನ್ನೂ ತಿನ್ನುತ್ತದೆ.

ತೆಗೆಯುವ ಹಿಂದಿನ ರಾತ್ರಿ ಎರಡೂ ತುದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ನಟ್ಟನ್ನು ಪೂರ್ತಿ ಬಿಚ್ಚದೆ, ಪಿನ್ನಿನ ತುದಿಗೆ ಸಮ ಆಗುವಷ್ಟು ಮಾತ್ರ ಸಡಿಲಿಸಿ. ಆಗ ಸುತ್ತಿಗೆ ಏಟು ಮರೆಯ (ನಟ್ಟು ಕೂರುವ ಸುರುಳಿ ಗೆರೆಯ) ಮೇಲೆ ಬೀಳುವುದಿಲ್ಲ. ಮುಖ್ಯವಾದದ್ದು ಇದು: ಕ್ರ್ಯಾಂಕಿನ ಕೆಳಗೆ ನೆಲಕ್ಕೆ ತಾಗುವಂತೆ ಗಟ್ಟಿ ಪೈಪಿನ ತುಂಡು ಆನಿಸಿ, ಪಿನ್ನಿನ ತಲೆ ಪೈಪಿನ ತೂತಿನೊಳಗೆ ಇಳಿಯುವ ಹಾಗೆ. ಆನಿಕೆ ಇಲ್ಲದೆ ಹೊಡೆದರೆ ಏಟೆಲ್ಲ ಬೇರಿಂಗಿಗೆ ಹೋಗಿ, ಗುಂಡುಗಳು ತಾವು ಕೂತಿರುವ ಬಟ್ಟಲಿನಲ್ಲಿ ಕುಳಿ ಮಾಡುತ್ತವೆ. ಆಮೇಲೆ ತೂಕದ ಸುತ್ತಿಗೆಯಿಂದ ಒಂದೆರಡು ಗಟ್ಟಿ ಏಟು. ಇಪ್ಪತ್ತು ಸಣ್ಣ ಏಟು ಹೊಡೆದರೆ ಪಿನ್ನಿನ ತುದಿ ಅಣಬೆಯ ಹಾಗೆ ಅರಳಿ, ಇನ್ನೂ ಬಿಗಿಯಾಗುತ್ತದೆ.

ಬದಲಿ ಇಲ್ಲದೆ ಬಿಚ್ಚಬಾರದು ಅನ್ನುವ ಕಟ್ಟುಪಾಡಿಗೆ ಇದೊಂದು ವಿನಾಯಿತಿ: ಹೊಸದು ತರುವಾಗ ಹಳೇ ಪಿನ್ ಜೊತೆಗೆ ಒಯ್ಯಿರಿ. 9 ಮಿಲಿಮೀಟರ್, 9.5 ಮಿಲಿಮೀಟರ್ ಎರಡೂ ಇವೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೂರಿಸುವಾಗ ಪಿನ್ನಿನ ಚಪ್ಪಟೆ ಮೈ ಆಕ್ಸಲ್ಲಿನ ಚಪ್ಪಟೆಗೆ ಕೂರಬೇಕು. ಬಲ ಕ್ರ್ಯಾಂಕ್ ಮುಂದಿದ್ದಾಗ ಅದರ ನಟ್ಟು ಕೆಳಗಿದ್ದರೆ, ಎಡದ್ದು ಮುಂದೆ ಬಂದಾಗ ಅದರ ನಟ್ಟೂ ಕೆಳಗೇ ಇರಬೇಕು. ಇಲ್ಲದಿದ್ದರೆ ಎರಡು ಪೆಡಲ್ ಒಂದೇ ಗೆರೆಗೆ ಬರುವುದಿಲ್ಲ. ನಟ್ಟು ತಿರುಗಿಸಿ ಪಿನ್ನನ್ನು ಎಳೆಯಬೇಡಿ, ಮರೆ ಹೋಗುತ್ತದೆ. ಹೊಡೆದು ಕೂರಿಸಿ, ಆಮೇಲೆ ನಟ್ಟು ಹಾಕಿ. ಒಂದೆರಡು ದಿನ ಓಡಿಸಿದ ಮೇಲೆ ಮತ್ತೊಮ್ಮೆ ತಟ್ಟಿ ಬಿಗಿ ಮಾಡಿ. ಈ ಕೊನೆಯ ಹೆಜ್ಜೆ ಬಿಟ್ಟವರಿಗೇ ಪಿನ್ ಪದೇ ಪದೇ ಸಡಿಲವಾಗುವುದು.

ರಜೆ ದಿನಕ್ಕೆ ಇಡಬೇಕಾದ್ದು

ಬೇರಿಂಗ್ ಕೆಲಸ ಬೆಳಗ್ಗೆ ಶುರು ಮಾಡಿ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ 3/16 ಇಂಚಿನ ಗುಂಡು, ಹಿಂದಿನ ಹಬ್ಬಿಗೂ ಪೆಡಲ್ ಆಕ್ಸಲಿಗೂ 1/4 ಇಂಚಿನದು. ಕೆಳಗೆ ಬಟ್ಟೆ ಹಾಸಿ ಬಿಚ್ಚಿ, ಒಂದೊಂದು ಬದಿಯಲ್ಲಿ ಎಷ್ಟಿವೆ ಅಂತ ಎಣಿಸಿ ಬರೆದುಕೊಳ್ಳಿ. ಒಂದು ಬದಿಯ ಗುಂಡುಗಳನ್ನೆಲ್ಲ ಒಟ್ಟಿಗೇ ಬದಲಿಸಿ. ಕೋನಿನ ಮೇಲೆ ಕುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ, ಗ್ರೀಸ್ ಹಾಕಿದ ಮಾತ್ರಕ್ಕೆ ಕುಳಿ ಮುಚ್ಚುವುದಿಲ್ಲ. ಆಡಬಾರದು, ಹಾಗಂತ ತಿರುಗಿಸುವಾಗ ಹಿಡಿಯಲೂ ಬಾರದು, ಆ ಹದಕ್ಕೆ ಕೋನ್ ಬಿಗಿ ಮಾಡಿ.

ಎಡ ಪೆಡಲಿಗೆ ಉಲ್ಟಾ ಮರೆ ಇರುತ್ತದೆ. ಎಡ ಬಲ ನೆನಪಿಡುವ ಗೊಂದಲ ಬೇಡ ಅಂದರೆ ಸ್ಪ್ಯಾನರ್ ಹಿಡಿಯನ್ನು ಮೇಲ್ಮುಖವಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡು ಬದಿಗೂ ಅದೇ ಬಿಚ್ಚುವ ದಿಕ್ಕು.

ರಿಮ್ಮಿನ ಬೆಂಡ್ ತೆಗೆಯುವ ಮೊದಲು ಕಡ್ಡಿಯ ನಿಪ್ಪಲಿಗೆಲ್ಲ (ಕಡ್ಡಿಯನ್ನು ರಿಮ್ಮಿಗೆ ಹಿಡಿಯುವ ಪುಟ್ಟ ನಟ್ಟು) ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ. ತುಕ್ಕು ಹಿಡಿದದ್ದನ್ನು ಹಾಗೇ ತಿರುಗಿಸಿದರೆ ಕಡ್ಡಿ ಮುರಿಯುತ್ತದೆ. ರಿಮ್ ಬಲಕ್ಕೆ ಹೋಗಿದ್ದರೆ ಆ ಜಾಗದ ಎಡ ಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ, ಆಮೇಲೆ ಇನ್ನೊಂದು ಕಾಲು ಸುತ್ತು. ಒಂದಾದ ಮೇಲೊಂದು ಕಡ್ಡಿ ಮುರಿಯುತ್ತಲೇ ಇದ್ದರೆ ಒಂದೊಂದನ್ನೇ ಹಾಕಿಸುತ್ತಾ ಕೂರುವುದು ದಂಡ. ಎಲ್ಲವೂ ದಣಿದಿವೆ, ಇಡೀ ಚಕ್ರಕ್ಕೆ ಹೊಸ ಕಡ್ಡಿ ಕಟ್ಟಿಸಿ.

ಸೀಟಿನ ಕಂಬವನ್ನು ವರ್ಷಕ್ಕೊಮ್ಮೆಯಾದರೂ ಹೊರಗೆಳೆದು ಗ್ರೀಸ್ ಹಚ್ಚಿ. ಸ್ಟೀಲ್ ಫ್ರೇಮಿನಲ್ಲಿ ಅಲ್ಯುಮಿನಿಯಂ ಕಂಬ ಇದ್ದರಂತೂ ಮರೆಯಬೇಡಿ, ಎರಡು ಲೋಹ ಒದ್ದೆಯಲ್ಲಿ ಸೇರಿ ಬೆಸುಗೆ ಹಾಕಿದ ಹಾಗೆ ಹಿಡಿದುಕೊಳ್ಳುತ್ತವೆ.

ಡೈನಮೋ ದೀಪ ಒಮ್ಮೆ ಉರಿದು ಒಮ್ಮೆ ಆರುತ್ತಿದ್ದರೆ ಬಲ್ಬ್ ಬದಲಿಸುವ ಮೊದಲು ಡೈನಮೋ ಬಿಗಿ ಮಾಡುವ ಸ್ಕ್ರೂ ಜಾಗ ನೋಡಿ. ಹಳೇ ಸೈಕಲ್ಲುಗಳಲ್ಲಿ ಒಂದೇ ತಂತಿ, ವಾಪಸ್ ದಾರಿ ಫ್ರೇಮೇ. ಅಲ್ಲಿ ತುಕ್ಕು ಕೂತರೆ ಕರೆಂಟ್ ಹರಿಯುವುದಿಲ್ಲ. ಕೆರೆದು ಹೊಳೆಯುವ ಲೋಹ ಕಾಣುವಂತೆ ಮಾಡಿ.

ಮುಟ್ಟದೆ ಬಿಡಬೇಕಾದ್ದು

ಮೇಲ್ಮೇಲೆ ಕೂತ ತುಕ್ಕು, ಮಾಸಿದ ಬಣ್ಣ, ಸೊಟ್ಟಗಾದ ಚೈನ್ ಕವರ್, ಇವೆಲ್ಲ ಓಡಾಟಕ್ಕೆ ಅಡ್ಡಿಯಲ್ಲ. ಕವರ್ ಚೈನಿಗೆ ಉಜ್ಜದಿದ್ದರೆ ಸಾಕು. ಹೊಳೆಯದ ಸೈಕಲ್ ಮೇಲೆ ಕಳ್ಳರ ಕಣ್ಣೂ ಕಡಿಮೆ ಬೀಳುತ್ತದೆ, ಅಲ್ವಾ?

ಫ್ರೇಮ್ ಬಿರುಕು ಬಿಟ್ಟು ಬೆಸುಗೆಗೂ ಆಗದು ಅಂದಾಗ ಮಾತ್ರ ಆ ಸೈಕಲ್ ಬಿಡಿ. ಬಿಡುವಾಗಲೂ ಇಡಿಯಾಗಿ ಗುಜರಿಗೆ ಹಾಕಬೇಡಿ. ಹಿಂದಿನ ಆಕ್ಸಲ್, ಕೋನುಗಳು, ಸಲಾಕೆಗಳು, ಸೀಟ್ ಕ್ಲಿಪ್, ಉದ್ದ ಬೋಲ್ಟುಗಳು, ಸರಿ ಇರುವ ಕ್ರ್ಯಾಂಕ್, ಇಷ್ಟನ್ನು ಬಿಚ್ಚಿ ಎಣ್ಣೆ ಸವರಿ ಡಬ್ಬಿಯಲ್ಲಿಡಿ. ಮುಂದಿನ ಹಳೇ ಸೈಕಲ್ಲಿಗೆ ಅಂಗಡಿಯಲ್ಲಿ ಸಿಗದೇ ಹೋಗುವ ಸಾಮಾನುಗಳು ಇವೇ.